ಟಿಪಿಎಂಎಸ್ ಸೆನ್ಸರಿಗೆ ಯಾವ ವಾಲ್ವ್ ಹಾಕಿಸಬೇಕು: ರಬ್ಬರೋ, ಅಲ್ಯೂಮಿನಿಯಮ್ಮೋ, ಹಿತ್ತಾಳೆಯೋ?

ಟೈರ್ ಬದಲಿಸಲು ಹೋದಾಗ ಚೌಕಾಸಿಯೆಲ್ಲ ಟೈರಿನ ಬೆಲೆಯ ಮೇಲೆಯೇ ನಡೆಯುತ್ತದೆ. ಕೊನೆಗೆ ಅಂಗಡಿಯವರು ‘ವಾಲ್ವ್ ಹೊಸದು ಹಾಕ್ಲಾ, ಹಳೇದೇ ಇರ್ಲಾ?’ ಎಂದು ಕೇಳಿದರೆ ‘ಚೆನ್ನಾಗಿದ್ರೆ ಅದೇ ಇರ್ಲಿ ಬಿಡಿ’ ಎಂದುಬಿಡುತ್ತೇವೆ. ಒಳಗೆ ಟಿಪಿಎಂಎಸ್ (ಟೈರಿನ ಗಾಳಿ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆ) ಸೆನ್ಸರ್ ಇರುವ ಚಕ್ರಕ್ಕೆ ಈ ಉತ್ತರ ದುಬಾರಿ. ಅಲ್ಲಿ ವಾಲ್ವ್ ಬರೀ ಗಾಳಿ ಹೋಗುವ ದಾರಿಯಲ್ಲ, ಸೆನ್ಸರನ್ನು ರಿಮ್ಮಿಗೆ ಹಿಡಿದು ನಿಲ್ಲಿಸುವ ಕಂಬವೂ ಅದೇ. ಅದು ತುಂಡಾದರೆ ಗಾಳಿ ಒಮ್ಮೆಲೇ ಖಾಲಿಯಾಗುತ್ತದೆ, ಬಿಡಿಯಾದ ಸೆನ್ಸರ್ ಟೈರಿನೊಳಗೆ ಉರುಳಾಡಿ ಪುಡಿಯಾಗುತ್ತದೆ.

ಇನ್ನೊಂದು ಕಾರಣವೂ ಇದೆ. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ ಟಿಪಿಎಂಎಸ್ ಮತ್ತು ಪಂಕ್ಚರ್ ಕಿಟ್ ಎರಡೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಿಟ್‌ನಲ್ಲಿರುವ ಅಂಟು ದ್ರವ ಮೊಳೆ ಚುಚ್ಚಿದ ತೂತನ್ನು ಮುಚ್ಚಬಲ್ಲದು. ಬುಡದಲ್ಲಿ ಮುರಿದ ವಾಲ್ವನ್ನು ಏನೂ ಮಾಡಲಾರದು. ಸ್ಟೆಪ್ನಿ ಇಲ್ಲದ ಕಾರಿನವರು ವಾಲ್ವಿನ ಬಗ್ಗೆ ಉಳಿದವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಸೆನ್ಸರ್ ರಬ್ಬರ್, ಲೋಹ ಎರಡೂ ಬಗೆಯ ವಾಲ್ವನ್ನು ಒಪ್ಪುವಂತಿದ್ದರೆ, ಕರ್ನಾಟಕದ ರಸ್ತೆಯಲ್ಲಿ ದಿನನಿತ್ಯ ಓಡುವ ಕಾರಿಗೆ ರಬ್ಬರ್ ವಾಲ್ವೇ ಒಳ್ಳೆಯದು. ಲೋಹದ್ದು ನೋಡಲು ಚೆಂದ, ಕೈಯಲ್ಲಿ ಹಿಡಿದರೆ ಗಟ್ಟಿ. ಆದರೆ ಆ ಗಟ್ಟಿತನ ನಿಜವಾಗಿ ಬೇಕಾಗುವ ಸಂದರ್ಭಗಳು ಕೆಲವೇ. ಅವು ಯಾವುವು ಎಂಬುದು ಮುಂದಿದೆ.

ಮೊದಲು ನಿಮ್ಮ ಚಕ್ರದೊಳಗೆ ಏನಿದೆ ನೋಡಿ

ಟಿಪಿಎಂಎಸ್ ಎಂದು ಬ್ರೋಷರ್‌ನಲ್ಲಿ ಬರೆದಿದ್ದರೂ ವಾಲ್ವಿನಲ್ಲಿ ಸೆನ್ಸರ್ ಇರಲೇಬೇಕೆಂದಿಲ್ಲ. ಪರೋಕ್ಷ ಪದ್ಧತಿಯ ಕಾರುಗಳು ಎಬಿಎಸ್‌ನ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಚಕ್ರವೇಗದ ಸೆನ್ಸರುಗಳನ್ನೇ ಬಳಸುತ್ತವೆ. ಗಾಳಿ ಇಳಿದ ಚಕ್ರದ ಸುತ್ತಳತೆ ಕಿರಿದಾಗಿ ಅದು ಉಳಿದವಕ್ಕಿಂತ ತುಸು ವೇಗವಾಗಿ ಸುತ್ತುತ್ತದೆ, ಆ ವ್ಯತ್ಯಾಸ ಕಂಡಾಗ ದೀಪ ಹತ್ತುತ್ತದೆ. ಇಂಥ ಕಾರಿನ ಚಕ್ರದಲ್ಲಿ ಮಾಮೂಲಿ ಟ್ಯೂಬ್‌ಲೆಸ್ ವಾಲ್ವೇ ಇರುತ್ತದೆ. ಗಾಳಿ ತುಂಬಿಸಿದ ಮೇಲೆ ಮೆನುವಿನಲ್ಲಿ ‘ಸೆಟ್’ ಅಥವಾ ‘ರೀಸೆಟ್’ ಒತ್ತಬೇಕು ಎಂದು ಕೈಪಿಡಿಯಲ್ಲಿದ್ದರೆ ಸಾಮಾನ್ಯವಾಗಿ ಇದೇ ಬಗೆ. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕೂ ಟೈರಿನ ಒತ್ತಡ ಬೇರೆ ಬೇರೆ ಅಂಕಿಯಾಗಿ ಕಾಣುತ್ತಿದ್ದರೆ ಅದು ನೇರ ಪದ್ಧತಿ, ಪ್ರತಿ ಚಕ್ರದೊಳಗೂ ಒಂದು ಸೆನ್ಸರ್ ಇದೆ. ನೇರ ಪದ್ಧತಿಯಿದ್ದೂ ಬರೀ ದೀಪ ಮಾತ್ರ ತೋರಿಸುವ ಮಾದರಿಗಳೂ ಇವೆ. ಹಾಗಾಗಿ ಸಂಶಯವಿದ್ದರೆ ಕೈಪಿಡಿಯನ್ನೇ ನೋಡಿ.

ಹೊರಗಿನಿಂದ ನೋಡಿದಾಗ ವಾಲ್ವಿನ ಬುಡದಲ್ಲಿ ಷಟ್ಕೋನದ ನಟ್ ಕಂಡರೆ ಅದು ಲೋಹದ ಕ್ಲ್ಯಾಂಪ್-ಇನ್ ವಾಲ್ವ್. ಒಳಗೆ ಸೆನ್ಸರ್ ಇರುವ ಸಾಧ್ಯತೆ ಹೆಚ್ಚು. ಕಪ್ಪು ರಬ್ಬರ್ ಮಾತ್ರ ಕಂಡರೆ ಒಳಗೆ ಸೆನ್ಸರ್ ಇರಬಹುದು, ಇಲ್ಲದಿರಬಹುದು. ಇಲ್ಲೇ ಅನಾಹುತವಾಗುವುದು. ರಬ್ಬರ್ ಕಂಡ ತಕ್ಷಣ ‘ಮಾಮೂಲಿ ವಾಲ್ವ್’ ಎಂದುಕೊಂಡು ಟೈರ್ ಕಳಚುವ ಯಂತ್ರದ ಸನಿಕೆಯನ್ನು ವಾಲ್ವಿನ ಪಕ್ಕದಲ್ಲೇ ಒತ್ತಿದರೆ ಸೆನ್ಸರ್ ಚೂರಾಗುತ್ತದೆ. ಕ್ಯಾಪ್ ತೆಗೆದು ನೋಡಿ: ಮಾಮೂಲಿ ವಾಲ್ವಿನಲ್ಲಿ ರಬ್ಬರ್ ಹೆಚ್ಚುಕಡಿಮೆ ತುದಿಯ ಮರೆಯ (ಕ್ಯಾಪ್ ತಿರುಪುವ ಸುತ್ತುಗೆರೆ, ಅಂದರೆ ಥ್ರೆಡ್) ತನಕ ಮುಚ್ಚಿರುತ್ತದೆ. ಸೆನ್ಸರ್ ಹೊರುವ ರಬ್ಬರ್ ವಾಲ್ವ್ ದಪ್ಪಗಿದ್ದು, ಅದರ ಹಿತ್ತಾಳೆ ಭಾಗ ಸಾಮಾನ್ಯವಾಗಿ ಹೆಚ್ಚು ಉದ್ದಕ್ಕೆ ಹೊರಗೆ ಕಾಣುತ್ತದೆ. ಈ ಗುರುತೂ ನೂರಕ್ಕೆ ನೂರು ನಂಬುವಂಥದ್ದಲ್ಲ. ಟೈರ್ ಬಿಚ್ಚುವ ಮೊದಲು ‘ಒಳಗೆ ಸೆನ್ಸರ್ ಇದೆ’ ಎಂದು ನೀವೇ ಹೇಳಿ.

ಹಳೆಯ ಕೆಲವು ಅಮೆರಿಕನ್ ಕಾರುಗಳಲ್ಲಿ, ಮುಖ್ಯವಾಗಿ ಫೋರ್ಡ್‌ಗಳಲ್ಲಿ, ಸೆನ್ಸರನ್ನು ಉಕ್ಕಿನ ಪಟ್ಟಿಯಿಂದ ರಿಮ್ಮಿನ ಸುತ್ತ ಕಟ್ಟಿರುತ್ತಿದ್ದರು. ಅವಕ್ಕೆ ವಾಲ್ವಿನ ಹಂಗಿಲ್ಲ.

ರಬ್ಬರಿನ ಸ್ನ್ಯಾಪ್-ಇನ್ ವಾಲ್ವ್

ಇದರ ಒಳಗಿರುವುದು ಹಿತ್ತಾಳೆಯ ನಳಿಕೆ, ಸುತ್ತ ಅದಕ್ಕೆ ಬೆಸೆದ ಸಿಂಥೆಟಿಕ್ ರಬ್ಬರ್. ರಿಮ್ಮಿನ 11.3 ಮಿ.ಮೀ. ತೂತಿನೊಳಗೆ ಎಳೆದಾಗ ರಬ್ಬರಿನ ಕೊರಕಲು ರಿಮ್ಮಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ನಟ್ ಇಲ್ಲ, ವಾಷರ್ ಇಲ್ಲ. ನಳಿಕೆಯ ಒಳತುದಿಗೆ ಸೆನ್ಸರನ್ನು ಒಂದು ಪುಟ್ಟ ಟಾರ್ಕ್ಸ್ (ನಕ್ಷತ್ರದಾಕಾರದ ಗುಳಿಯ) ಸ್ಕ್ರೂ ಹಿಡಿದಿರುತ್ತದೆ. ಹೆಚ್ಚಿನವಕ್ಕೆ ಟಿ10 ಬಿಟ್ ಬೇಕು, ಬಿಗಿತ ಬರೀ 1.4 ನ್ಯೂಟನ್ ಮೀಟರ್. ಕೈಬೆರಳಿನ ಬಲಕ್ಕಿಂತ ತುಸು ಹೆಚ್ಚು ಅಷ್ಟೆ. ಇದನ್ನು ಮೆಷಿನ್ ಡ್ರೈವರಿನಿಂದ ಬಿಗಿಮಾಡಿದರೆ ಸೆನ್ಸರಿನ ಪ್ಲಾಸ್ಟಿಕ್ ಕಿವಿ ಬಿರುಕುಬಿಡುತ್ತದೆ. ಬಿರುಕು ಆಗಲೇ ಕಾಣುವುದಿಲ್ಲ, ಸಾವಿರಾರು ಕಿಲೋಮೀಟರ್ ಆದ ಮೇಲೆ ಕಳಚಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ ಟಿಆರ್413 ಅಥವಾ ಟಿಆರ್414 ಎಂಬ ಮಾಮೂಲಿ ವಾಲ್ವುಗಳಿಗೂ ಇದೇ 11.3 ಮಿ.ಮೀ. ತೂತೇ. ತೂತು ಒಂದೇ ಎಂದ ಮಾತ್ರಕ್ಕೆ ಕೆಲಸ ಒಂದೇ ಅಲ್ಲ. ಟಿಆರ್413ರ ಒಳತುದಿಯಲ್ಲಿ ಸ್ಕ್ರೂ ಕೂರಲು ಮರೆಯೇ ಇಲ್ಲ, 25-40 ಗ್ರಾಂ ತೂಕದ ಸೆನ್ಸರನ್ನು ಹೊರುವಷ್ಟು ದಪ್ಪವೂ ಅದರ ರಬ್ಬರಿಗಿಲ್ಲ. ಸೆನ್ಸರನ್ನು ಪಕ್ಕಕ್ಕಿಟ್ಟು ಟಿಆರ್413 ಹಾಕಿ ಕಳಿಸಿದರೆ ಗಾಳಿ ನಿಲ್ಲುತ್ತದೆ, ಡ್ಯಾಶ್‌ಬೋರ್ಡಿನ ದೀಪ ಮಾತ್ರ ಆರುವುದಿಲ್ಲ.

ರಬ್ಬರಿನ ದೊಡ್ಡ ಗುಣ ಬಾಗುವಿಕೆ. ಫುಟ್‌ಪಾತ್ ಅಂಚಿಗೆ ಚಕ್ರ ತಾಗಿದಾಗ, ಬಂಕಿನಲ್ಲಿ ಗಾಳಿ ತುಂಬುವ ಹುಡುಗ ಪೈಪನ್ನು ಅಡ್ಡಡ್ಡ ಎಳೆದಾಗ, ಗುಂಡಿಗೆ ಬಿದ್ದು ಕಲ್ಲು ಸಿಡಿದಾಗ ಅದು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಯೂಮಿನಿಯಂ ಹಾಗೆ ಬಾಗುವುದಿಲ್ಲ, ಬುಡದಲ್ಲಿ ಮುರಿಯುತ್ತದೆ. ರಬ್ಬರಿನ ಎರಡನೆಯ ಗುಣ ಅದರ ಹಿತ್ತಾಳೆ ನಳಿಕೆ. ಅದಕ್ಕೆ ಹಿತ್ತಾಳೆ ಪಿನ್ (ನಳಿಕೆಯೊಳಗೆ ತಿರುಪಿ ಕೂರಿಸುವ, ಗಾಳಿ ಹೊರಬರದಂತೆ ತಡೆಯುವ ಬಿಡಿಭಾಗ) ಹಾಕಿದರೂ ತಕರಾರಿಲ್ಲ. ಪಂಕ್ಚರ್ ಅಂಗಡಿಯ ಡಬ್ಬಿಯಲ್ಲಿ ಇರುವುದು ಯಾವ ಪಿನ್ ಎಂದು ನೀವು ತಲೆಕೆಡಿಸಿಕೊಳ್ಳಬೇಕಿಲ್ಲ.

ಮಿತಿಗಳೂ ಇವೆ. ಸಾಮಾನ್ಯ ಸ್ನ್ಯಾಪ್-ಇನ್ ವಾಲ್ವಿನ ಒತ್ತಡದ ಮಿತಿ ತಣ್ಣನೆಯ ಟೈರಿನಲ್ಲಿ 65 ಪಿಎಸ್‌ಐ. 33-36 ಪಿಎಸ್‌ಐನಲ್ಲಿ ಓಡುವ ಕಾರಿಗೆ ಇದು ಧಾರಾಳ. ಹೊರೆ ಹೊರುವ ಪಿಕಪ್‌ನ ಹಿಂದಿನ ಚಕ್ರಕ್ಕೆ 65ರ ಆಚೀಚೆ ಗಾಳಿ ಬೇಕಿದ್ದರೆ ಇದು ಬೇಡ. ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 210 ಕಿ.ಮೀ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಈ ಅಂಕಿ ಸಂಬಂಧವಿಲ್ಲದ್ದು. ಜರ್ಮನಿಯ ಆಟೋಬಾನ್‌ನಲ್ಲಿ ಗಾಡಿ ಓಡಿಸುವ ಕನ್ನಡಿಗರಿಗೆ ಸಂಬಂಧವಿದೆ.

ಮೂರನೆಯದು ವಯಸ್ಸು. ಬಿಸಿಲು, ಬ್ರೇಕಿನ ಕಾವು, ಗಾಳಿಯಲ್ಲಿರುವ ಓಜೋನ್ ಇವೆಲ್ಲ ರಬ್ಬರನ್ನು ಒಣಗಿಸುತ್ತವೆ. 2008ರಲ್ಲಿ ಅಮೆರಿಕದಲ್ಲಿ ಚೀನಾದಲ್ಲಿ ತಯಾರಾದ ಟಿಆರ್413 ವಾಲ್ವುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡದ್ದು ಇದೇ ಕಾರಣಕ್ಕೆ: ರಬ್ಬರಿನ ಮಿಶ್ರಣದಲ್ಲಿ ಓಜೋನ್ ತಡೆಯುವ ಅಂಶ ಸಾಲದೆ ಕೆಲವೇ ತಿಂಗಳಲ್ಲಿ ಬುಡ ಬಿರುಕುಬಿಟ್ಟಿತ್ತು. ನಿಮ್ಮ ವಾಲ್ವನ್ನು ಬೆರಳಿನಿಂದ ಪಕ್ಕಕ್ಕೆ ಬಾಗಿಸಿ ಬುಡ ನೋಡಿ. ಕೂದಲೆಳೆಯಂಥ ಗೆರೆಗಳು ಬಾಯಿಬಿಟ್ಟರೆ ಆ ವಾಲ್ವಿನ ಕಾಲ ಮುಗಿದಿದೆ. ರಬ್ಬರ್ ವಾಲ್ವಿಗೆ ಒಂದೇ ನಿಯಮ: ಟೈರ್ ಬದಲಾದಾಗಲೆಲ್ಲ ವಾಲ್ವೂ ಬದಲಾಗಬೇಕು, ಅದರ ಜೊತೆ ಬರುವ ಹೊಸ ಸ್ಕ್ರೂ ಸಮೇತ. ಹಳೆಯ ಸ್ಕ್ರೂವಿನ ಮರೆಗೆ ಹಚ್ಚಿದ್ದ ಲಾಕ್ ಅಂಟು ಒಮ್ಮೆ ಬಿಚ್ಚಿದ ಮೇಲೆ ಹಿಡಿಯುವುದಿಲ್ಲ.

ಅಲ್ಯೂಮಿನಿಯಂ ಕ್ಲ್ಯಾಂಪ್-ಇನ್ ವಾಲ್ವ್

ಇದರ ಬಿಡಿಭಾಗಗಳು ಐದು: ನಳಿಕೆ, ರಬ್ಬರ್ ಗ್ರೊಮೆಟ್ (ನಳಿಕೆಯ ಬುಡಕ್ಕೆ ಕೂರುವ ಸೀಲ್ ಉಂಗುರ), ವಾಷರ್, ನಟ್, ಒಳಗಿನ ಪಿನ್. ಮೇಲೊಂದು ಕ್ಯಾಪ್. ಗಾಳಿಯನ್ನು ತಡೆದು ನಿಲ್ಲಿಸುವುದು ಲೋಹವಲ್ಲ, ಆ ಗ್ರೊಮೆಟ್. ನಟ್ ಬಿಗಿಯಾದಾಗ ಗ್ರೊಮೆಟ್ ರಿಮ್ಮಿನ ತೂತಿನ ಒಳಬದಿಗೆ ಒತ್ತಿಕೊಂಡು ಅದರ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಒಂದೆರಡು ವರ್ಷ ಆ ಆಕಾರದಲ್ಲೇ ಕೂತ ರಬ್ಬರ್ ಮತ್ತೆ ಉಬ್ಬುವುದಿಲ್ಲ. ಬಿಚ್ಚಿ ಅದನ್ನೇ ಹಾಕಿದರೆ ವಾರಕ್ಕೆ ಒಂದೆರಡು ಪಿಎಸ್‌ಐ ಸೋರಲು ಶುರುವಾಗುತ್ತದೆ. ‘ಟೈರ್ ಹೊಸದು, ಪಂಕ್ಚರ್ ಇಲ್ಲ, ಆದರೂ ಒಂದೇ ಚಕ್ರದಲ್ಲಿ ಗಾಳಿ ಇಳಿಯುತ್ತಿದೆ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಈ ಗ್ರೊಮೆಟ್. ಇದಕ್ಕಾಗಿಯೇ ‘ಸರ್ವಿಸ್ ಕಿಟ್’ ಎಂದು ಗ್ರೊಮೆಟ್, ವಾಷರ್, ನಟ್, ಪಿನ್, ಕ್ಯಾಪ್ ಒಟ್ಟಾಗಿ ಸಿಗುತ್ತವೆ. ಸೆನ್ಸರಿನ ಬೆಲೆಯ ಮುಂದೆ ಕಿಟ್ಟಿನ ಬೆಲೆ ಏನೂ ಅಲ್ಲ.

ಸೋರುವ ನಟ್ಟನ್ನು ಇನ್ನಷ್ಟು ಬಿಗಿ ಮಾಡುವುದು ಪರಿಹಾರವಲ್ಲ. ಸೆನ್ಸರಿನ ತಯಾರಿಕೆಯನ್ನು ನೋಡಿಕೊಂಡು ನಟ್ಟಿನ ಬಿಗಿತ ಸುಮಾರು 4ರಿಂದ 8 ನ್ಯೂಟನ್ ಮೀಟರ್ ಒಳಗಿರುತ್ತದೆ. ಸರಿಯಾದ ಅಂಕಿ ಕಿಟ್ಟಿನ ಪೊಟ್ಟಣದ ಮೇಲೆ ಇಲ್ಲವೇ ಕಾರಿನ ಸರ್ವಿಸ್ ಮಾಹಿತಿಯಲ್ಲಿ ಇರುತ್ತದೆ. ಚಕ್ರದ ನಟ್ಟಿಗೆ ನೂರರ ಆಸುಪಾಸಿನ ಬಿಗಿತ ಕೊಡುವ ದೊಡ್ಡ ಟಾರ್ಕ್ ರೆಂಚಿಗೆ ಈ ಅಂಕಿ ಗೊತ್ತೇ ಆಗುವುದಿಲ್ಲ. ಇದಕ್ಕೆ ಚಿಕ್ಕ ಟಾರ್ಕ್ ರೆಂಚೇ ಬೇಕು. ಹೆಚ್ಚು ಬಿಗಿ ಮಾಡಿದರೆ ಗ್ರೊಮೆಟ್ ಜಜ್ಜಿ ಹೊರಗೆ ಉಕ್ಕುತ್ತದೆ, ಇಲ್ಲವೇ ಟೊಳ್ಳು ಅಲ್ಯೂಮಿನಿಯಂ ನಳಿಕೆ ಮರೆಯ ಹತ್ತಿರ ಸೀಳುತ್ತದೆ. ಕೆಲಸ ಮಾಡುವವರ ಬಳಿ ಚಿಕ್ಕ ಟಾರ್ಕ್ ರೆಂಚ್ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇಲ್ಲ ಎಂದರೆ ಅದೂ ರಬ್ಬರ್ ವಾಲ್ವನ್ನು ಆರಿಸಲು ಒಂದು ಕಾರಣವೇ.

ಈಗ ತುಕ್ಕಿನ ವಿಷಯ. ಅಲ್ಯೂಮಿನಿಯಂ ವಾಲ್ವುಗಳ ಪೈಕಿ ಹೆಚ್ಚಿನವು ಸಾಯುವುದು ಇದರಿಂದಲೇ. ಅಲ್ಯೂಮಿನಿಯಂ ಮತ್ತು ಹಿತ್ತಾಳೆ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಸವೆದಾಗ ಹುಟ್ಟುವ ಬಿಳಿ ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಮರೆಯೊಳಗೆ ಕಿಕ್ಕಿರಿದು ಪಿನ್ನನ್ನೋ ಕ್ಯಾಪನ್ನೋ ಬೆಸೆದಂತೆ ಹಿಡಿದುಬಿಡುತ್ತದೆ. ಅದನ್ನು ಇಕ್ಕಳ ಹಾಕಿ ತಿರುಗಿಸಿದರೆ ಕ್ಯಾಪಿನ ಜೊತೆ ನಳಿಕೆಯೇ ತುಂಡಾಗಿ ಕೈಗೆ ಬರುತ್ತದೆ. ಕಾರವಾರ, ಉಡುಪಿ, ಮಂಗಳೂರಿನ ಕಡಲ ಗಾಳಿಯಲ್ಲಿ ಈ ತೊಂದರೆ ಬಯಲುಸೀಮೆಗಿಂತ ಬೇಗ ಬರುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ನ್ಯೂಯಾರ್ಕ್‌ನಂಥ ಕಡೆ ಇನ್ನೂ ಬೇಗ.

ತಡೆಯುವುದು ಕಷ್ಟವಲ್ಲ. ಅಲ್ಯೂಮಿನಿಯಂ ನಳಿಕೆಗೆ ನಿಕ್ಕಲ್ ಲೇಪಿಸಿದ ಪಿನ್ ಮಾತ್ರ ಹಾಕಿಸಬೇಕು. ಅದು ಬೆಳ್ಳಿ ಬಣ್ಣದಲ್ಲಿರುತ್ತದೆ, ಮಾಮೂಲಿ ಹಿತ್ತಾಳೆ ಪಿನ್ ಹಳದಿ. ಎರಡರ ಅಳತೆಯೂ ಒಂದೇ ಆದ್ದರಿಂದ ಹಳದಿಯದೂ ಸಲೀಸಾಗಿ ಕೂರುತ್ತದೆ, ಗಾಳಿಯೂ ನಿಲ್ಲುತ್ತದೆ. ತಪ್ಪು ಬಯಲಾಗುವುದು ವರ್ಷ ಕಳೆದು ಪಿನ್ ಬಿಚ್ಚಲು ಹೋದಾಗ. ಪಿನ್ನಿನ ಬಿಗಿತ ಕಾಲಿನಿಂದ ಅರ್ಧ ನ್ಯೂಟನ್ ಮೀಟರ್ ಸಾಕು. ಇನ್ನು ಕ್ಯಾಪ್: ಒಳಗೆ ರಬ್ಬರ್ ಸೀಲ್ ಇರುವ ಪ್ಲಾಸ್ಟಿಕ್ ಕ್ಯಾಪೇ ಇರಲಿ. ಕಂಪನಿಯ ಲಾಂಛನ ಕೊರೆದ, ಥಳಥಳ ಹೊಳೆಯುವ ಲೋಹದ ಕ್ಯಾಪುಗಳನ್ನು ಸೆನ್ಸರ್ ವಾಲ್ವಿಗೆ ಹಾಕುವುದು ಎಂದರೆ ಮೇಲೆ ಹೇಳಿದ ಬ್ಯಾಟರಿಯನ್ನು ದುಡ್ಡು ಕೊಟ್ಟು ಕೊಂಡಂತೆ. ಉಡುಗೊರೆಯಾಗಿ ಬಂದಿದ್ದರೂ ಡ್ರಾಯರಿನಲ್ಲೇ ಇರಲಿ.

ಕ್ಯಾಪ್ ಈಗಾಗಲೇ ಹಿಡಿದಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕೆಲವು ಗಂಟೆ ಕಾಯಿರಿ. ಒಂದು ಇಕ್ಕಳದಿಂದ ನಳಿಕೆಯನ್ನು ಮೆತ್ತಗೆ ಹಿಡಿದು, ಇನ್ನೊಂದರಿಂದ ಕ್ಯಾಪನ್ನು ಹಿಂದೆ ಮುಂದೆ ಅಲುಗಿಸುತ್ತ ಬಿಚ್ಚಿ. ಲೋಹದ ಕ್ಯಾಪನ್ನು ಉದ್ದಕ್ಕೆ ಸೀಳಿ ತೆಗೆಯುವುದು ಇನ್ನೂ ಸುರಕ್ಷಿತ. ಈ ಕೆಲಸವನ್ನು ಹೆದ್ದಾರಿಯ ಪಕ್ಕದಲ್ಲಿ ಮಾಡಬೇಡಿ, ಸ್ಟೆಪ್ನಿ ಕೈಗೆಟುಕುವಲ್ಲಿ ಮಾಡಿ.

ಅಲ್ಯೂಮಿನಿಯಮ್ಮಿಗೆ ಸಲ್ಲಬೇಕಾದ ಮೆಚ್ಚುಗೆಯೂ ಇದೆ. ಹೆಚ್ಚು ಒತ್ತಡ, ಹೆಚ್ಚು ವೇಗ ಎರಡನ್ನೂ ಅದು ತಾಳುತ್ತದೆ. ನಳಿಕೆಗೆ ಬಿರುಕು ಬಿಡುವ ರಬ್ಬರ್ ಹೊದಿಕೆ ಇಲ್ಲ. ಸರಿಯಾದ ಪಿನ್, ಕ್ಯಾಪ್, ಕಾಲಕಾಲಕ್ಕೆ ಹೊಸ ಕಿಟ್ ಕಂಡ ನಳಿಕೆ ಸೆನ್ಸರಿನ ಆಯುಷ್ಯ ಪೂರ್ತಿ ಬಾಳುತ್ತದೆ.

ಒಂದೇ ತುಂಡಿನದೋ, ಬಿಡಿಬಿಡಿಯಾದದ್ದೋ

ಹೊಸ ಸೆನ್ಸರ್ ಕೊಳ್ಳುವಾಗ ವಾಲ್ವಿನ ಲೋಹಕ್ಕಿಂತ ಮೊದಲು ಇದನ್ನು ನೋಡಿ. ಕೆಲವು ಸೆನ್ಸರುಗಳಲ್ಲಿ ನಳಿಕೆ ಸೆನ್ಸರಿನ ಮೈಗೇ ಬೆಸೆದಿರುತ್ತದೆ. ನಳಿಕೆ ಮುರಿದರೆ ಇಡೀ ಸೆನ್ಸರ್ ಹೋಯಿತು. ಬಿಡಿಯಾದ ನಳಿಕೆಯಿದ್ದರೆ ಸ್ಕ್ರೂ ಬಿಚ್ಚಿ ಹೊಸ ನಳಿಕೆ ಹಾಕಿದರೆ ಮುಗಿಯಿತು. ಸೆನ್ಸರಿನ ಗುರುತಿನ ಸಂಖ್ಯೆ ಹಾಗೇ ಉಳಿಯುವುದರಿಂದ ಕಾರಿಗೆ ಮತ್ತೆ ಪರಿಚಯಿಸುವ ಕೆಲಸವೂ ಇಲ್ಲ. ಹಲವು ಕಂಪನಿಗಳ ಕಾರಿಗೆ ಪ್ರೋಗ್ರಾಂ ಮಾಡಬಹುದಾದ ಸೆನ್ಸರುಗಳ ಪೈಕಿ ಶ್ರೇಡರ್‌ನ ಇಝಡ್-ಸೆನ್ಸರ್, ಆಟೆಲ್‌ನ ಎಂಎಕ್ಸ್-ಸೆನ್ಸರ್ ತರಹದವು ರಬ್ಬರ್ ಮತ್ತು ಲೋಹದ ಎರಡೂ ನಳಿಕೆಗಳನ್ನು ಒಪ್ಪುತ್ತವೆ. ಅಂಥದ್ದು ಕೈಯಲ್ಲಿದ್ದರೆ ಮಾತ್ರ ‘ರಬ್ಬರೋ ಲೋಹವೋ’ ಎಂಬ ಆಯ್ಕೆ ನಿಮ್ಮದು. ಕಾರಿನ ಜೊತೆ ಬಂದ ಸೆನ್ಸರಾದರೆ ಅದಕ್ಕೆ ಯಾವ ನಳಿಕೆ ಮಾಡಿದ್ದಾರೋ ಅದೇ. ಮರೆ ಹೊಂದಿತು ಎಂದು ಬೇರೆ ಕಂಪನಿಯ ನಳಿಕೆಗೆ ತಿರುಪಿ ಕೂರಿಸಬೇಡಿ. ಗಾಳಿಯ ತೂತು ಸೆನ್ಸರಿನ ಕಿಂಡಿಗೆ ಸರಿಯಾಗಿ ಎದುರಾಗದಿದ್ದರೆ ಗಾಳಿ ತುಂಬುವುದೇ ತ್ರಾಸವಾಗುತ್ತದೆ.

ಅಲಾಯ್ ಬದಲಿಸಿದವರಿಗೆ ಕೋನದ ಸಮಸ್ಯೆ. ರಿಮ್ಮಿನಲ್ಲಿ ವಾಲ್ವಿನ ತೂತು ಎಷ್ಟು ಓರೆಯಾಗಿದೆ ಎಂಬುದು ಒಂದೊಂದು ವಿನ್ಯಾಸದಲ್ಲಿ ಒಂದೊಂದು ಥರ. ಸ್ಥಿರ ಕೋನದ ಲೋಹದ ನಳಿಕೆ ಹಳೆಯ ರಿಮ್ಮಿಗೆ ಸರಿಹೊಂದಿದ್ದು ಹೊಸದರಲ್ಲಿ ಸೆನ್ಸರನ್ನು ರಿಮ್ಮಿನ ತಳದಿಂದ ಮೇಲಕ್ಕೆತ್ತಿ ನಿಲ್ಲಿಸಬಹುದು. ಹಾಗೆ ಎದ್ದು ನಿಂತ ಸೆನ್ಸರಿಗೆ ಟೈರ್ ಕೂರಿಸುವಾಗ ಬೀಡ್ (ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ದಪ್ಪ ಅಂಚು) ಬಡಿದೇ ಬಡಿಯುತ್ತದೆ. ಆಗ ಬೇಕಾದದ್ದು ಕೋನ ಹೊಂದಿಸಬಹುದಾದ, ಅಂದರೆ ಸೆನ್ಸರ್ ಮತ್ತು ನಳಿಕೆಯ ನಡುವೆ ಕೀಲಿರುವ ಬಗೆ. ಕಾರಿನ ಪಕ್ಕ ನಿಂತು ನೋಡಿದರೆ ಇದು ತಿಳಿಯದು. ಟೈರ್ ಹಾಕುವ ಮೊದಲು ಬರೀ ರಿಮ್ಮಿಗೆ ಸೆನ್ಸರ್ ಕೂರಿಸಿ ನೋಡಬೇಕು.

ಹೊರಗೆ ತಿರುಪುವ ಕ್ಯಾಪ್ ಸೆನ್ಸರುಗಳು

ಸೆನ್ಸರಿಲ್ಲದ ಕಾರಿಗೆ ಡ್ಯಾಶ್‌ಬೋರ್ಡಿನ ಮೇಲಿಡುವ ಸೋಲಾರ್ ಪರದೆ, ನಾಲ್ಕು ಕ್ಯಾಪ್ ಸೆನ್ಸರ್ ತರಿಸಿ ತಾವೇ ಹಾಕಿಕೊಳ್ಳುವವರು ಬಹಳ. ಇಲ್ಲಿ ನಮ್ಮ ಶಿಫಾರಸು ಪೂರಾ ತಿರುಗುಮುರುಗು: ಈ ಬಗೆಗೆ ಲೋಹದ ವಾಲ್ವೇ ಬೇಕು.

ಕಾರಣ ಲೆಕ್ಕದಲ್ಲಿದೆ. 16 ಇಂಚಿನ ರಿಮ್, ಸುಮಾರು 33 ಸೆಂ.ಮೀ. ತ್ರಿಜ್ಯದ ಟೈರ್ ಎಂದುಕೊಳ್ಳಿ. ವಾಲ್ವ್ ಇರುವುದು ಚಕ್ರದ ನಡುವಿನಿಂದ 19 ಸೆಂ.ಮೀ. ದೂರದಲ್ಲಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಲ್ಲಿರುವ ವಸ್ತುವಿನ ಮೇಲೆ ಹೊರಮುಖವಾಗಿ ಬೀಳುವ ಸೆಳೆತ ಅದರ ತೂಕದ ಸುಮಾರು 140 ಪಟ್ಟು. 10 ಗ್ರಾಮಿನ ಕ್ಯಾಪ್ ಸೆನ್ಸರ್ 1.4 ಕಿಲೋ ತೂಗಿದಂತೆ ವಾಲ್ವಿನ ತುದಿಯನ್ನು ಎಳೆಯುತ್ತದೆ. 120ರಲ್ಲಿ ಅದು ಸುಮಾರು 2 ಕಿಲೋ. ವೇಗ ಏರಿಳಿದಂತೆ ರಬ್ಬರ್ ನಳಿಕೆ ಬುಡದಲ್ಲಿ ಬಾಗುತ್ತ, ನೆಟ್ಟಗಾಗುತ್ತ ಇರುತ್ತದೆ. ಹೊಸ ರಬ್ಬರ್ ಸ್ವಲ್ಪ ಕಾಲ ತಡೆದೀತು, ಎರಡು ಮೂರು ವರ್ಷ ಹಳೆಯದು ಬುಡದಲ್ಲೇ ಹರಿಯುತ್ತದೆ, ಅದೂ ವೇಗದಲ್ಲಿದ್ದಾಗಲೇ. ಒಳಗಿನ ಸೆನ್ಸರ್ ಇದಕ್ಕಿಂತ ಭಾರವಾಗಿದ್ದೂ ಈ ತೊಂದರೆ ಕಡಿಮೆ ಏಕೆಂದರೆ, ಅದರ ವಾಲ್ವನ್ನು ಆ ಹೊರೆಗೆಂದೇ ದಪ್ಪಗೆ ಮಾಡಿರುತ್ತಾರೆ, ಸೆನ್ಸರಿನ ಮೈ ರಿಮ್ಮಿಗೆ ಹತ್ತಿಕೊಂಡೇ ಕೂತಿರುತ್ತದೆ.

ಇದಕ್ಕೆ ಒಪ್ಪುವುದು ಕ್ರೋಮ್ ಹೊದಿಸಿದ ಹಿತ್ತಾಳೆಯ ಗಿಡ್ಡ ಕ್ಲ್ಯಾಂಪ್-ಇನ್ ವಾಲ್ವ್. ಅಲ್ಯೂಮಿನಿಯಂ ಬೇಡ, ಏಕೆಂದರೆ ಕ್ಯಾಪ್ ಸೆನ್ಸರುಗಳ ಒಳಮರೆ ಹೆಚ್ಚಾಗಿ ಹಿತ್ತಾಳೆಯದು, ಮತ್ತೆ ಅದೇ ತುಕ್ಕಿನ ಕಥೆ. ಅಲಾಯ್ ಗುಳಿಯೊಳಗೆ ವಾಲ್ವ್ ಅಡಗಿದ್ದರೆ ಉದ್ದನೆಯದನ್ನು ಹಾಕಿಸುವ ಆಸೆಯಾಗುತ್ತದೆ. ಆದಷ್ಟು ಗಿಡ್ಡದೇ ಇರಲಿ. ಎಕ್ಸ್‌ಟೆನ್ಷನ್ ನಳಿಕೆ ಜೋಡಿಸಿ ಅದರ ತುದಿಗೆ ಸೆನ್ಸರ್ ಹಾಕುವುದಂತೂ ಕೂಡದು.

ಕ್ಯಾಪ್ ಸೆನ್ಸರ್ ಒತ್ತಡ ಅಳೆಯಬೇಕಾದರೆ ಪಿನ್ನನ್ನು ಸದಾ ಒಳಕ್ಕೆ ಒತ್ತಿ ಹಿಡಿದಿರಬೇಕು. ಅಂದರೆ ಗಾಳಿಯನ್ನು ಕಾಯುವುದು ಆಮೇಲೆ ಪಿನ್ನಲ್ಲ, ಸೆನ್ಸರಿನೊಳಗಿನ ತೆಳ್ಳನೆ ರಬ್ಬರ್ ಉಂಗುರ. ಅದು ಗಟ್ಟಿಯಾದರೆ ರಾತ್ರಿ ಬೆಳಗಾಗುವುದರಲ್ಲಿ ಟೈರ್ ಮಲಗಿರುತ್ತದೆ. ಹಾಕಿದ ಕೂಡಲೇ ಸೋಪುನೀರು ಹಚ್ಚಿ ನೋಡಿ, ಮುಂದೆ ಗಾಳಿ ತುಂಬಲು ಬಿಚ್ಚಿದಾಗಲೆಲ್ಲ ಹಚ್ಚಿ. ಕಳ್ಳರನ್ನು ತಡೆಯಲು ಜೊತೆಗೆ ಕೊಡುವ ಲಾಕ್ ನಟ್ ಹಾಕಿದವರು ಅದರ ಚಪ್ಪಟೆ ಸ್ಪಾನರನ್ನು ಕಾರಿನಲ್ಲೇ ಇಟ್ಟುಕೊಳ್ಳಿ. ಅದಿಲ್ಲದೆ ಬಂಕಿನಲ್ಲಿ ಗಾಳಿ ತುಂಬಿಸಲಾಗದು.

ಕೂರಿಸುವಾಗ ಗಮನಿಸಬೇಕಾದವು

ಟೈರ್ ಕಳಚುವ ಮುನ್ನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಬೇಕು. ಬೀಡ್ ಒತ್ತುವ ಸನಿಕೆ ವಾಲ್ವಿನ ನೇರ ಎದುರು ಬದಿಗೆ ಬರಲಿ, ಎರಡೂ ಬೀಡುಗಳಿಗೆ ಇದೇ ಕ್ರಮ. ಹೊಸ ಟೈರ್ ಏರಿಸುವಾಗಲೂ ಬೀಡ್ ಕೊನೆಗೆ ಬಿಗಿದು ಜಾರುವ ಜಾಗದಲ್ಲಿ ಸೆನ್ಸರ್ ಇರದಂತೆ ನೋಡಿಕೊಳ್ಳಬೇಕು. ಚಕ್ರದೊಳಗೆ ಈ ಮೊದಲು ಪಂಕ್ಚರ್ ದ್ರವ ಸುರಿದಿದ್ದರೆ ಸೆನ್ಸರಿನ ಕಿಂಡಿ ಮುಚ್ಚಿಹೋಗಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಕಿಂಡಿಗೆ ಸೂಜಿ ಚುಚ್ಚಬೇಡಿ.

ರಬ್ಬರ್ ವಾಲ್ವಾದರೆ ಸೆನ್ಸರನ್ನು ಮೊದಲೇ ಸ್ಕ್ರೂ ಹಾಕಿ ಜೋಡಿಸಿ. ರಬ್ಬರಿಗೆ ಟೈರ್ ಪೇಸ್ಟ್ ಇಲ್ಲವೇ ಸೋಪುನೀರು ಹಚ್ಚಿ. ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಳೆಯುವ ಸಾಧನವನ್ನು ಮರೆಗೆ ತಿರುಪಿ ತೂತಿನ ನೇರಕ್ಕೇ ಎಳೆಯಬೇಕು, ಓರೆಯಾಗಿ ಎಳೆದರೆ ರಬ್ಬರ್ ರಿಮ್ಮಿನ ಅಂಚಿಗೆ ಸಿಕ್ಕಿ ಹರಿಯುತ್ತದೆ. ಒಳಗಿನಿಂದ ಸೆನ್ಸರಿನ ಮೈಯನ್ನು ಒತ್ತಿ ದೂಡುವುದು ತಪ್ಪು.

ಲೋಹದ ವಾಲ್ವಾದರೆ ತೂತಿನ ಸುತ್ತಲಿನ ಹಳೆಯ ಬಿಳಿ ಪುಡಿ, ಕೊಳೆಯನ್ನು ಮೊದಲು ಒರೆಸಿ. ಗೀರು ಬಿದ್ದ ರಿಮ್ಮಿನಲ್ಲಿ ಹೊಸ ಗ್ರೊಮೆಟ್ ಕೂಡ ಸೋರುತ್ತದೆ. ನಟ್ಟನ್ನು ಕೈಯಲ್ಲಿ ತಿರುಪಿ, ಸೆನ್ಸರಿನ ಮೈ ರಿಮ್ಮಿನ ತಳಕ್ಕೆ ಹತ್ತಿರ ಕೂರುವಂತೆ ಬೆರಳಲ್ಲಿ ಹಿಡಿದುಕೊಂಡು, ಆಮೇಲೆ ಟಾರ್ಕ್ ರೆಂಚ್ ಬಳಸಿ. ಬಿಗಿ ಮಾಡುವಾಗ ಸೆನ್ಸರ್ ಜೊತೆಗೇ ತಿರುಗಿ ಓರೆಯಾದರೆ ಬಿಚ್ಚಿ ಮತ್ತೆ ಶುರುಮಾಡಿ.

ಗಾಳಿ ತುಂಬಿದ ಮೇಲೆ ಸೋಪುನೀರು. ಗುಳ್ಳೆ ನಳಿಕೆಯ ತುದಿಯಲ್ಲಿ ಎದ್ದರೆ ತಪ್ಪು ಪಿನ್ನಿನದು, ಬುಡದ ಸುತ್ತ ಎದ್ದರೆ ಗ್ರೊಮೆಟ್ ಅಥವಾ ರಬ್ಬರಿನದು. ಸೆನ್ಸರಿನ ತೂಕದಿಂದ ಚಕ್ರದ ಸಮತೋಲ ಬದಲಾಗುವುದರಿಂದ ವೀಲ್ ಬ್ಯಾಲೆನ್ಸಿಂಗ್ ತಪ್ಪಿಸಬೇಡಿ.

ಯಾರಿಗೆ ಯಾವುದು

ಊರೊಳಗೂ ಹೆದ್ದಾರಿಯಲ್ಲೂ ಓಡಾಡುವ ಮಾಮೂಲಿ ಕಾರು, ಎರಡೂ ಬಗೆ ಒಪ್ಪುವ ಸೆನ್ಸರ್: ರಬ್ಬರ್ ಸ್ನ್ಯಾಪ್-ಇನ್, ಟೈರಿನ ಜೊತೆಗೇ ಬದಲಿಸುವ ಕರಾರಿನ ಮೇಲೆ. ಕರಾವಳಿಯವರಿಗೆ ಇದನ್ನು ಇನ್ನೂ ಒತ್ತಿ ಹೇಳುತ್ತೇವೆ.

ಕಾರಿನ ಜೊತೆ ಕ್ಲ್ಯಾಂಪ್-ಇನ್ ಬಂದಿದ್ದರೆ ಅದನ್ನೇ ಮುಂದುವರಿಸಿ, ಸರ್ವಿಸ್ ಕಿಟ್ ಹಾಕಿಸಿ. ಕಿಟ್ ಆ ಸೆನ್ಸರಿನದೇ ಆಗಿರಬೇಕು. ನೋಡಲು ಒಂದೇ ಥರ ಇರುವ ಗ್ರೊಮೆಟ್‌ಗಳ ದಪ್ಪದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಸೋರಿಕೆ ಖಚಿತ.

ಒತ್ತಡ 65 ಪಿಎಸ್‌ಐ ದಾಟುವ ಗಾಡಿ, ಅತಿವೇಗದ ಕಾರು, ಹೊರಗಿನ ಕ್ಯಾಪ್ ಸೆನ್ಸರ್: ಮೂರಕ್ಕೂ ಲೋಹ, ಕೊನೆಯದಕ್ಕೆ ಹಿತ್ತಾಳೆ.

ಸೆನ್ಸರಿಗೆ ಏಳು ವರ್ಷ ದಾಟಿದ್ದರೆ ಬರೀ ವಾಲ್ವ್ ಬದಲಿಸಿ ಕೈತೊಳೆದುಕೊಳ್ಳುವುದು ಉಳಿತಾಯವಲ್ಲ. ಒಳಗಿನ ಬ್ಯಾಟರಿಯನ್ನು ಅಂಟಿನಲ್ಲಿ ಹುದುಗಿಸಿರುವುದರಿಂದ ಬದಲಿಸಲಾಗದು, ಅದರ ಆಯುಷ್ಯ 5ರಿಂದ 10 ವರ್ಷ. ಹೊಸ ಟೈರ್ ಹಾಕಿದ ಆರು ತಿಂಗಳಿಗೆ ಬ್ಯಾಟರಿ ಸತ್ತರೆ ಅದೇ ಟೈರನ್ನು ಮತ್ತೆ ಬಿಚ್ಚಬೇಕು. ಸೆನ್ಸರನ್ನೇ ಬದಲಿಸುವವರು ರೇಡಿಯೋ ತರಂಗಾಂತರ ನೋಡಿ ಕೊಳ್ಳಿ: ಭಾರತ ಮತ್ತು ಯುರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್, ಅಮೆರಿಕದ ಹಲವು ಕಾರುಗಳಲ್ಲಿ 315. ಅಲ್ಲಿಂದ ಬರುವ ನೆಂಟರ ಕೈಯಲ್ಲಿ ಅಗ್ಗಕ್ಕೆ ತರಿಸಿದ 315ರ ಸೆನ್ಸರ್ ರಿಮ್ಮಿಗೆ ಸೊಗಸಾಗಿ ಕೂತರೂ ಇಲ್ಲಿನ ಕಾರಿನ ಜೊತೆ ಮಾತಾಡುವುದಿಲ್ಲ.

ಸ್ಟೆಪ್ನಿಯ ಮಾತು ಬಾಕಿ ಇದೆ. ಹೆಚ್ಚಿನ ಕಾರುಗಳಲ್ಲಿ ಅದು ಉಕ್ಕಿನ ರಿಮ್, ಸೆನ್ಸರ್ ಇರುವುದಿಲ್ಲ. ಅದಕ್ಕೆ ಮಾಮೂಲಿ ಟಿಆರ್413 ಸಾಕು. ಸ್ಟೆಪ್ನಿ ಹಾಕಿ ಓಡಿಸುವಾಗ ಟಿಪಿಎಂಎಸ್ ದೀಪ ಮಿನುಗಿ ಆಮೇಲೆ ಹತ್ತಿಕೊಂಡೇ ಇದ್ದರೆ ಗಾಬರಿ ಬೇಡ, ಕಾರು ಡಿಕ್ಕಿಯಲ್ಲಿರುವ ಸೆನ್ಸರನ್ನು ಹುಡುಕುತ್ತಿದೆ. ವರ್ಷಗಟ್ಟಲೆ ಬಳಸದ ಸ್ಟೆಪ್ನಿಯ ರಬ್ಬರ್ ವಾಲ್ವೂ ಒಣಗಿರುತ್ತದೆ. ನಾಲ್ಕು ಚಕ್ರಕ್ಕೆ ವಾಲ್ವ್ ಹಾಕಿಸುವ ದಿನವೇ ಅದಕ್ಕೂ ಒಂದು ಹಾಕಿಸಿಬಿಡಿ.